ಪಿಟೀಲಿನ ಪಾಳಿ

ಊರ ಭಜನೆಯವರು ತಾಳ ಕೈಗೆತ್ತಿಕೊಳ್ಳುವಷ್ಟರಲ್ಲಿ ಪದ್ಮಾವತಿ ತನ್ನ ಹಾರ್ಮೋನಿಯಂ ತಂದು ಹೆಣದ ಕಾಲ ಕಡೆ ಇಳಿಸಿದಳು. ಹಿಂದೆಯೇ ಕ್ಲಾರಿನೆಟ್ ಹಿಡಿದು ಅಮೀನ್‌ಸಾಬ್ ಬಂದ, ತಬಲಾ ಹೊತ್ತು ಅಯ್ಯಪ್ಪ ಬಂದ.

“ಇವ್ರನ್ನ ಯಾರು ಕರೆದ್ರು?” ಮುದುಕಮ್ಮ ಕೇಳಿದಳು. ಸಿದಿಗೆಯ ಮೇಲೆ ಮಲಗಿದ್ದವನು ಅವಳ ಮಗ ಕನಕರಾಯ.

“ನಾನ ಕರಸೀನಿ ಅತ್ತಿ,” ಎಂದಳು ಭಾರತಿ. ಗಂಡನ ಎದೆ ನಿಂತಾಗಿನಿಂದ ಮಂದಿಯೆದುರು ಅವಳು ಆಡಿದ ಮೊದಲ ಮಾತು ಅದು. ಅತ್ತಿರಲೂ ಇಲ್ಲ. ಓದಿದಾಕಿ ಹಂಗ ಇರ್ತಾಳ ಎಂದು ಹೆಂಗಸರು ಪಿಸುಗುಟ್ಟುತ್ತಿದ್ದರು. “ನಿಮ್ಮ ಮಗ ಕಡೀಗೆ ಕಟ್ಟಿದ ಧಾಟಿ ಮಂದಿ ಮುಂದ ಒಮ್ಮಿನೂ ಬಾರಿಸಿಲ್ಲ. ಮಣ್ಣಿಗೆ ಹೋಗೋದ್ರೊಳಗ ಬಾರಸ್ಲಿ.”

“ಹೆಣದ ಮುಂದ ಭಜನಿ ಮಾಡ್ತಾರ ಬೇ,” ಮುದುಕಮ್ಮ ಅಂದಳು. “ನಿಮ್ಮ ಕುಂಯ್‌ಕುಂಯ್ ಅಲ್ಲ.”

*

ಕನಕರಾಯನ ನಾಲ್ವರ ಮೇಳಕ್ಕೆ ತುರ್ವಿಹಾಳದಲ್ಲಿ ಬಿದ್ದಿದ್ದ ಹೆಸರೇ ಕುಂಯ್‌ಕುಂಯ್. ರಾಗ ಹಳೆಯವೇ, ಹಿಂದಿನವರು ಕಟ್ಟಿದ ಚೀಜು ಒಂದನ್ನೂ ಅವರು ನುಡಿಸುತ್ತಿರಲಿಲ್ಲ. ಶಾಲೆಯಲ್ಲಿ ಗಣಿತ ಕಲಿಸಿ ಬಂದು ಕನಕರಾಯ ಪಿಟೀಲು ಹಿಡಿದು ಹೊಸದು ಕಟ್ಟುತ್ತಿದ್ದ. ಕಾಲುವೆಗೆ ನೀರು ಬಿಟ್ಟದ್ದು, ನಾಟಿ ಮುಗಿದ ಸಂಜೆ, ಇಂಥವು.

ಲಿಂಗಸುಗೂರಿನ ಒಂದು ಮದುವೆಯಲ್ಲಿ ಅರ್ಧ ಗಂಟೆ ನುಡಿಸಿ ನಿಲ್ಲಿಸಿದಾಗ ಬೀಗರ ಹಿರಿಯರೊಬ್ಬರು, “ಶ್ರುತಿ ಕೂಡ್ತಲ್ರಿ ಮಾಸ್ತರ, ಇನ್ನ ಸುರು ಮಾಡ್ರಿ,” ಅಂದಿದ್ದರು. ಬಸ್ಸು ಮಸ್ಕಿ ದಾಟುವವರೆಗೂ ಕನಕರಾಯ ನಕ್ಕಿದ್ದ. ನಗುವಿಗೆ ಕುಲುಕುವ ಅವನ ಹೆಗಲು ಪಕ್ಕದಲ್ಲಿ ಕೂತ ಭಾರತಿಯ ಹೆಗಲಿಗೆ ತಾಗುತ್ತಿತ್ತು.

*

ಭಜನೆಯ ಹಿರಿಯ ನಿಂಗರಾಜ ತಾಳ ಕೆಳಗಿಟ್ಟ. “ಒಂದು ಬಾರಸ್ಲಿ ಬಿಡಬೇ ಯಕ್ಕಾ. ನಾವು ದಾರ್‍ಯಾಗ ಹಾಡ್ತೀವಿ.”

ಮುದುಕಮ್ಮ ಮುಖ ತಿರುವಿದಳು. ಬೇಡ ಅನ್ನಲಿಲ್ಲ.

“ಪಿಟೀಲಿನ ಪಾಳಿ ನಾ ಊದ್ಲೇನು?” ಅಮೀನ್‌ಸಾಬ್ ಮೆಲ್ಲಗೆ ಕೇಳಿದ.

“ನೀ ಮದುವಿ ಬ್ಯಾಂಡಿಗೆ ಹೋದಾಗ ನಿಂದು ಯಾರರ ಬಾರಿಸೀವೇನು?” ಪದ್ಮಾವತಿ ಗದರಿದಳು. “ಬರಲಾರ್ದವರ ಪಾಳಿ ಬಂದ್ರ ಉಳಿದವ್ರು ಸುಮ್ನ ಕುಂದ್ರೋದು. ಅವನ ಹಾಕಿದ ರೂಢಿ ಅದು.”

ಕ್ಲಾರಿನೆಟ್ ತಗ್ಗಿನಲ್ಲಿ ಎದ್ದಿತು. ಹಾರ್ಮೋನಿಯಂ ಅದರ ಬೆನ್ನು ಹಿಡಿಯಿತು, ತಬಲಾ ತಡವಾಗಿ ಬಂತು. ಗದ್ದೆಗೆ ಹೋಗುವ ಆಳುಗಳು ಬಾಗಿಲಲ್ಲಿ ನಿಂತರು. ಆಮೇಲೆ ಒಮ್ಮೆಲೆ ಮೂವರ ಕೈಗಳೂ ನಿಂತವು. ಅಯ್ಯಪ್ಪನ ಬೆರಳು ಮಾತ್ರ ತೊಡೆಯ ಮೇಲೆ ಸದ್ದಿಲ್ಲದೆ ತಾಳ ಹಿಡಿದಿತ್ತು.

“ಮುಗೀತು, ಎತ್ರಿ,” ಯಾರೋ ಅಂದರು. ಗಂಡಸರು ಸಿದಿಗೆಯನ್ನು ಹೆಗಲಿಗೇರಿಸಿಯೇ ಬಿಟ್ಟರು. ಭಾರತಿ ತಡೆಯಲು ಮುಂದೆ ಬಂದಳು.

“ನಿಲ್ರಲೇ!”

ಮುದುಕಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. “ಎಲ್ಲಿ ಮುಗಿದೈತಿ? ದಿನಾ ಸಂಜಿಮುಂದ ರೊಟ್ಟಿ ಬಡಿತಾ ಕೇಳೀನಿ ನಾ. ಈಗ ಅವನ ಪಾಳಿ ಐತಿ.”

ಹೊತ್ತವರು ಹೊತ್ತಂತೆಯೇ ನಿಂತರು. ಬಿಸಿಲಿಗೆ ಅವರ ಕತ್ತಿನ ಬೆವರು ಇಳಿಯುತ್ತಿತ್ತು. ಬೀದಿಯಲ್ಲಿ ಭತ್ತದ ಹುಲ್ಲು ಹೇರಿದ್ದ ಟ್ರ್ಯಾಕ್ಟರಿನವನು ಇಂಜಿನ್ ಆರಿಸಿದ. ಅಷ್ಟು ಜನರ ನಡುವೆ, ಯಾರಿಗೂ ಕೇಳದ ಒಂದಕ್ಕೆ, ಮುದುಕಮ್ಮನ ತಲೆ ಮೆಲ್ಲಗೆ ತೂಗುತ್ತಿತ್ತು.