ಹತ್ತು ಚಕ್ರಕ್ಕೆ ಎರಡು ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ಜಗಳ ಶುರುವಾದದ್ದು ನಿಂಬೆಹಣ್ಣಿನಿಂದ. ಲಾರಿಗೆ ನಾಲ್ಕು, ಕಾರಿಗೆ ನಾಲ್ಕು, ಸರಿ. ಸೋವಿಯತ್ ಸೈನ್ಯದವರು ಫಿರಂಗಿ ಎಳೆಯಲೆಂದು ಮಾಡಿದ, ಚಕ್ರಗಳ ಸುತ್ತ ಕಬ್ಬಿಣದ ಪಟ್ಟಿ ಹೊದ್ದ ಟ್ರಾಕ್ಟರಿಗೆ ಎಷ್ಟು?

“ಒಂದೊಂದು ಬದಿಗೆ ಐದು ಚಕ್ರ. ಹತ್ತು ಇಡು,” ಅಂದರು ಗ್ಯಾರೇಜಿನ ಯಜಮಾನರು ಹ್ಯೂಬರ್ಟ್.

“ನೆಲಕ್ಕೆ ತಾಗೋದು ಪಟ್ಟಿ ಸಾರ್, ಚಕ್ರ ಅಲ್ಲ. ಎರಡು ಸಾಕು,” ಅಂದೆ ನಾನು.

“ನೀನು ಎಂತ ಭಟ್ರಾ ಮಾರಾಯ?”

“ನೀವೂ ಅಲ್ಲವಲ್ಲ. ಭಾನುವಾರ ಚರ್ಚಿಗೆ ಹೋಗೋರು.”

“ನನ್ನ ಅಪ್ಪನ ಗ್ಯಾರೇಜಿನಲ್ಲಿ ಮುಂದೆ ಮೇರಿಯಮ್ಮನ ಪಟ, ಹಿಂದೆ ಆಯುಧಪೂಜೆ. ಒಂದು ವರ್ಷ ತಪ್ಪಿಸಿದ್ದಕ್ಕೆ ಜಾಕ್ ಜಾರಿತು, ಗೊತ್ತುಂಟಾ? ಇಡು ಇಡು, ಎರಡೇ ಇಡು. ಆದ್ರೆ ಎಣ್ಣೆ ಮಾತ್ರ ಎಲ್ಲದಕ್ಕೂ ತುಂಬಿಸು. ಹಬ್ಬದ ದಿನ ಯಾವುದೂ ಕಮ್ಮಿ ಇರಬಾರದು.”

ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಆದದ್ದೆಲ್ಲ ಇದರಿಂದಲೇ ಆಯಿತು. ಇದರಿಂದ, ಮತ್ತು ನನ್ನಿಂದ.

ನಾನು ಚಿದಾನಂದ, ಹಿರಿಯೂರಿನವನು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತು, ಎರಡು ತುಂಡು ಮಾಡಿ, ಅವರ ಮೇಜಿನ ಮೇಲೇ ಇಟ್ಟು ಹೊರಗೆ ಬಂದವನು. ಮತ್ತೆ ಒಳಗೆ ಹೋಗಲಿಲ್ಲ. ಕಮಲಾಕ್ಷಿ ಚಿಕ್ಕಮ್ಮ, ನೈರೋಬಿಯಲ್ಲಿ ಪಾಠ ಹೇಳುವ ಸೂರ್ಯನಾರಾಯಣ ಚಿಕ್ಕಪ್ಪ, ಇಬ್ಬರೂ ಸೇರಿ ನನ್ನನ್ನು ಅಲ್ಲಿನ ಕಿಲಿಮಾನಿ ಬಡಾವಣೆಯ ತಮ್ಮ ಮನೆಗೆ ಕರೆಸಿಕೊಂಡರು. ಇಲ್ಲಿಯೂ ಎರಡು ಗ್ಯಾರೇಜು ಜಗಳವಾಡಿಯೇ ಬಿಟ್ಟೆ. ಹ್ಯೂಬರ್ಟ್ ಸಾಹೇಬರದು ಮೂರನೆಯದು. ನನ್ನ ಕೆಲಸದ ಪರವಾನಗಿ ನಿಂತಿದ್ದದ್ದು ಅವರು ಬರೆದುಕೊಟ್ಟ ಕಾಗದದ ಮೇಲೆ. “ಇನ್ನೊಂದು ತಪ್ಪು ಮಾಡು, ಸೀದಾ ವಿಮಾನ ಹತ್ತಿಸ್ತೇನೆ,” ಎಂದು ಹಿಂದಿನ ತಿಂಗಳಷ್ಟೇ ಹೇಳಿದ್ದರು. ಹೇಳಿದ್ದನ್ನು ಮಾಡುವ ಮನುಷ್ಯ.

ಅದು ತೊಂಬತ್ಮೂರನೇ ಇಸವಿ. ಉತ್ತರದ ಗಡಿಯಾಚೆ ಯುದ್ಧ ಮುಗಿದು, ಅಲ್ಲಿನ ಸೈನ್ಯ ಬಿಟ್ಟುಹೋದ ಕಬ್ಬಿಣವೆಲ್ಲ ಗುಜರಿಯಾಗಿ ಬರುತ್ತಿತ್ತು. ಈ ಟ್ರಾಕ್ಟರುಗಳೂ ಹಾಗೆ ಬಂದವು, ಎರಡು. ಒಂದನ್ನು ಕೊಯ್ದು ಇನ್ನೊಂದಕ್ಕೆ ಜೀವ ಕೊಟ್ಟೆವು. ಯಾಕೆಂದರೆ ಊರ ಹೊರಗಿನ ಲಂಗಾಟಾ ದಾಟಿದರೆ ಎಲ್ಲ ಎರೆಮಣ್ಣು, ನಮ್ಮೂರ ಹೊಲದ್ದೇ ಬಣ್ಣ, ಅದೇ ಹಟ. ಒಂದು ಮಳೆ ಬಿದ್ದರೆ ಲಾರಿಯ ಚಕ್ರವನ್ನು ಅಚ್ಚಿನವರೆಗೆ ನುಂಗುತ್ತದೆ. ಅಲ್ಲೊಂದು ಕಡೆ ಬೋರ್‌ವೆಲ್ ಕೊರೆಯುವ ಲಾರಿ ಆಗಲೇ ಹೂತು ನಿಂತಿತ್ತು. ಅದನ್ನು ಗುರುವಾರ ಎಳೆದುಕೊಡುತ್ತೇವೆಂದು ಯಜಮಾನರು ಮಾತು ಕೊಟ್ಟಿದ್ದರು.

ಆ ಎಂಜಿನ್ನಿಗೆ ಮದ್ದು ಗೊತ್ತಿದ್ದವರು ನಮ್ಮ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಕಾಜಿಟನ್ ಮಾಮ ಒಬ್ಬರೇ. ಅರವತ್ತೆಂಟು ವರ್ಷ, ಒಂದು ಕಾಲು ಎಳೆಯುತ್ತದೆ, ಎಂಥ ಬಿಸಿಲಿಗೂ ಮೈಮೇಲೆ ಕಂದು ಬಣ್ಣದ ಉಣ್ಣೆ ಕೋಟು. ಮೊಂಬಾಸಾ ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಗಳಲ್ಲಿ ಅಮೆರಿಕದ ಟೂ-ಸ್ಟ್ರೋಕ್ ಡೀಸೆಲ್ ಎಂಜಿನ್ನುಗಳ ಜೊತೆ ಬಾಳಿದವರು. ರಷ್ಯದ ಈ ಎಂಜಿನ್ ಮೊದಲ ದಿನ ಕೆಮ್ಮಿದ್ದೇ ಕಿವಿ ಕೊಟ್ಟು, “ಅರೆ, ಇದು ಅದರದ್ದೇ ಅಣ್ಣತಮ್ಮ,” ಎಂದಿದ್ದರು. ಆರು ವಾರ ನನಗೆ ಕಲಿಸಿದರು. ಒಂದು ಸಲವೂ ‘ದಡ್ಡ’ ಅನ್ನಲಿಲ್ಲ. ಅದೇ ನನಗೆ ಕಸಿವಿಸಿ. ಬೈಯುವವರ ಜೊತೆ ಹೇಗಿರಬೇಕೆಂದು ನನಗೆ ಗೊತ್ತು.

ಪೂಜೆಯ ಬೆಳಿಗ್ಗೆ ಎಣ್ಣೆ ತುಂಬಿಸುವ ಕೆಲಸ ನನ್ನದಾಯಿತು. ಗೇರುಪೆಟ್ಟಿಗೆ, ಹಗ್ಗ ಸುತ್ತುವ ವಿಂಚು, ಎಲ್ಲ ಮುಗಿಸಿ ಕೊನೆಗೆ ಗಾಳಿ ಸೋಸುವ ಡಬ್ಬಿಗೆ ಬಂದೆ. ಎಂಜಿನ್ ಎಳೆದುಕೊಳ್ಳುವ ಗಾಳಿಯ ಧೂಳು ಅದರ ತಳದ ಎಣ್ಣೆಯಲ್ಲಿ ಕೂರುತ್ತದೆ. ಬಟ್ಟಲಿನ ಒಳಗೋಡೆಯ ಮೇಲೆ ಒಂದು ಗೆರೆ, ಪಕ್ಕದಲ್ಲೊಂದು ಬಾಣ, ರಷ್ಯನ್ ಅಕ್ಷರ. ಗೆರೆ ಅರ್ಧಕ್ಕೇ ನಿಂತಿತ್ತು. ದೀಪಕ್ಕೆ ಎಣ್ಣೆ ಹಾಕಿದ ಹಾಗೆ ಅಂಚಿನವರೆಗೆ ತುಳುಕುವಂತೆ ಸುರಿದೆ. ಹಬ್ಬ ಅಲ್ಲವೇ.

ಯಜಮಾನರು ಕುಂಬಳಕಾಯಿ ಒಡೆದರು. ಜೊತೆಯ ಮೆಕ್ಯಾನಿಕ್ ಮುಟುವಾ, ಕಂಬಾ ಜನಾಂಗದವನು, ನನಗಿಂತ ಐದಾರು ವರ್ಷಕ್ಕೆ ದೊಡ್ಡವನು, ಒಡೆದ ಹೋಳಿನ ಕುಂಕುಮ ನೋಡಿ, “ಚಿದು, ಈ ಗಾಡಿ ಮಾಂಸ ತಿನ್ನುತ್ತದಾ?” ಎಂದು ಸ್ವಾಹಿಲಿಯಲ್ಲಿ ಕಿಚಾಯಿಸಿದ. ನಿಂಬೆಹಣ್ಣು ತುಳಿಸಿ ಮುಂದಕ್ಕೆ ತೆಗೆಯುವ ಗೌರವ ನನಗೆ ಕೊಟ್ಟರು. ಹತ್ತಿ ಕೂತೆ. ಈ ಗಾಡಿಯಲ್ಲಿ ಎಂಜಿನ್ ಇರುವುದು ಕ್ಯಾಬಿನ್ನಿನೊಳಗೇ, ಮೊಣಕಾಲಿನ ಪಕ್ಕ. ಎಲ್ಲರೂ ನೋಡಲೆಂದು ಮುಚ್ಚಳ ತೆಗೆದಿಟ್ಟಿದ್ದೆವು. ಸ್ಟಾರ್ಟ್ ಮಾಡಿದೆ. ಎರಡು ನಿಂಬೆಹಣ್ಣೂ ಪಚ್ಚೆಂದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹತ್ತು ಗಜ ಹೋಗಿ ನಿಲ್ಲಿಸಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನಿನ ವೇಗ ಇಳಿಯಲಿಲ್ಲ. ಏರಿತು. ನಿಲ್ಲಿಸುವ ಲಿವರ್ ಎಳೆದೆ, ಡೀಸೆಲ್ ನಿಂತಿತು, ಎಂಜಿನ್ ನಿಲ್ಲಲಿಲ್ಲ. ಇನ್ನೂ ಏರಿತು. ಕೂಗು ಹೋಗಿ ಕಿರುಚಾಟವಾಯಿತು. ನೀಲಿ ಹೊಗೆ ಅಂಗಳ ತುಂಬಿತು. ಡಬ್ಬಿಯಲ್ಲಿ ತುಳುಕುತ್ತಿದ್ದ ಎಣ್ಣೆಯನ್ನು ಗಾಳಿಯ ಜೊತೆ ಹೀರಿಕೊಂಡು ಅದನ್ನೇ ಉರಿಸುತ್ತಿತ್ತು. ಅಂಥ ಹೊತ್ತಿಗೆಂದೇ ಗಾಳಿ ಮುಚ್ಚುವ ಒಂದು ಬಾಗಿಲು ಇರಬೇಕಾಗಿತ್ತಂತೆ, ಅದು ಯಾವ ಮರುಭೂಮಿಯಲ್ಲಿ ಉದುರಿಹೋಗಿತ್ತೋ. ನಾನು ಲಿವರ್ ಹಿಡಿದು ಕಲ್ಲಾಗಿ ಕೂತಿದ್ದೆ.

“ಪೈಪು! ಮುಟುವಾ, ಪೈಪು!”

ಕಾಜಿಟನ್ ಮಾಮ ಆ ಎಳೆಯುವ ಕಾಲಿನಲ್ಲೇ ಪಟ್ಟಿಯ ಮೇಲೆ ಹತ್ತಿದ್ದರು. ಮುಟುವಾ ಈ ಕಡೆಯಿಂದ ನುಗ್ಗಿ, ಡಬ್ಬಿಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪಿಗೆ ಸುತ್ತಿಗೆಯಿಂದ ಹೊಡೆದ. ಮೂರನೇ ಏಟಿಗೆ ಪೈಪು ಹರಿದು ಬಂತು. ಮಾಮ ಕೋಟು ಬಿಚ್ಚಿ, ಮಡಚಿ, ಎಂಜಿನ್ನಿನ ತೆರೆದ ಬಾಯಿಗೆ ಎರಡೂ ಕೈಯಿಂದ ಒತ್ತಿದರು. ಕೋಟಿನ ಒಂದು ತೋಳು ಒಳಗೆ ಹೋಯಿತು. ಅವರ ಕೈಯೇ ಹೋಯಿತು ಅಂದುಕೊಂಡೆ. ಗಾಳಿ ಸಿಗದೆ ಎಂಜಿನ್ ಒಮ್ಮೆ ನಡುಗಿ ಸತ್ತಿತು.

ಹೊಗೆ ಸರಿದಾಗ ಯಜಮಾನರ ಕಣ್ಣಿಗೆ ಬಿದ್ದದ್ದು ಹರಿದ ಪೈಪು, ಮುಟುವಾನ ಕೈಯಲ್ಲಿ ಸುತ್ತಿಗೆ.

“ಒಡೆದು ಹಾಕಿದೆಯಲ್ಲ! ಈ ಎಂಜಿನ್ ಜೊತೆ ನಿನಗೆ ಏನು ದ್ವೇಷ? ಹೋಗು, ನಡಿ, ಗೇಟಿನಿಂದ ಹೊರಗೆ!”

ಮುಟುವಾ ಸುತ್ತಿಗೆ ಕೆಳಗಿಟ್ಟ. ನನ್ನನ್ನು ನೋಡಿದ. ಮಾಮನನ್ನೂ ನೋಡಿದ. ಅವನ ಮುಖ ನನಗೆ ಚೆನ್ನಾಗಿ ಗೊತ್ತು. ಕ್ಲಾಸಿನಲ್ಲಿ ಕಿಟಕಿಯ ಗಾಜು ಬೇರೆ ಯಾರೋ ಒಡೆದು ಮೇಷ್ಟ್ರು ಬೆತ್ತ ಹಿಡಿದು ನನ್ನ ಕಡೆಗೇ ಬಂದಾಗ ನನ್ನ ಮುಖ ಅದೇ ಆಗಿತ್ತು. ಬಾಯಿ ಮುಚ್ಚಿದ್ದರೆ ನನ್ನ ಕಾಗದ, ನನ್ನ ನೈರೋಬಿ, ಎಲ್ಲ ಉಳಿಯುತ್ತಿತ್ತು. ಸಿಟ್ಟು ಬಂತು. ಯಜಮಾನರ ಮೇಲಲ್ಲ.

“ಅವನಲ್ಲ. ಎಣ್ಣೆ ಜಾಸ್ತಿ ಹಾಕಿದ್ದು ನಾನು. ಅವನು ಉಳಿಸಿದ.”

“ನೀನಾ?” ಯಜಮಾನರ ದನಿ ತಣ್ಣಗಾಯಿತು. ಅದು ಇನ್ನೂ ಕೆಟ್ಟದ್ದು. “ಆಯ್ತು. ನಾನು ಹೇಳಿದ್ದು ನೆನಪುಂಟಲ್ಲ? ಚಿಕ್ಕಪ್ಪನಿಗೆ ಫೋನು ಮಾಡು.”

“ಮಾಡ್ತೀನಿ.”

“ನಿಲ್ಲು ಪುತಾ,” ಅಂದರು ಕಾಜಿಟನ್ ಮಾಮ. ಅವರ ಕೊಂಕಣಿಯಲ್ಲಿ ಮಗಾ ಅಂತ. ಟ್ರಾಕ್ಟರಿನಿಂದ ಇಳಿಯಲು ಅವರಿಗೆ ಆಗುತ್ತಿರಲಿಲ್ಲ, ಅಲ್ಲೇ ಕೂತಿದ್ದರು, ಮಡಿಲಲ್ಲಿ ಕೋಟು. “ಹ್ಯೂಬರ್ಟ್, ಬೆಳಿಗ್ಗೆ ಇಲ್ಲಿ ನಿಂತು ‘ಎಲ್ಲದಕ್ಕೂ ತುಂಬಿಸು, ಹಬ್ಬದ ದಿನ ಕಮ್ಮಿ ಇರಬಾರದು’ ಅಂದದ್ದು ಯಾರು?”

“ಅದು... ಅದು ಒಂದು ಮಾತಿಗೆ ಮಾಮ.”

“ಅವನು ಮಾತು ಕೇಳಿದ. ಕೇಳುವುದಿಲ್ಲ ಅಂತ ದಿನಾ ಬೈತೀಯಲ್ಲ, ಇವತ್ತು ಕೇಳಿದ. ವಿಮಾನ ಹತ್ತಿಸುವುದಾದರೆ ಇಬ್ಬರನ್ನೂ ಹತ್ತಿಸಬೇಕು. ನೀನು ಕಿಟಕಿ ಪಕ್ಕ ಕೂತುಕೋ.”

ಯಾರೋ ನಕ್ಕರು. ಯಜಮಾನರು ಒಡೆದ ಕುಂಬಳಕಾಯಿಯ ಹೋಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಆಮೇಲೆ ಮುಟುವಾನ ಹತ್ತಿರ ಹೋಗಿ “ಪೋಲೆ” ಅಂದರು. ಕ್ಷಮಿಸು ಅಂತ. ಯಜಮಾನರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಕಡೆ ತಿರುಗಿ, “ಗುರುವಾರದೊಳಗೆ ಇದು ಓಡಬೇಕು. ಓಡಿದರೆ ನೀನೂ ಇಲ್ಲೇ. ಇಲ್ಲದಿದ್ದರೆ ನನ್ನ ಹತ್ತಿರ ಬರಬೇಡ,” ಎಂದು ಹೇಳಿ ಒಳಗೆ ಹೋದರು.

ನಾವು ಮೂವರೂ ಸೇರಿ ಎಂಜಿನ್ ಬಿಚ್ಚಿದೆವು. ಭಾನುವಾರ ಮಾಮ ಚರ್ಚಿನ ಪೂಜೆ ಮುಗಿಸಿ ಅದೇ ಅಂಗಿಯಲ್ಲಿ ಬಂದರು. ಪಕ್ಕದ ಮುಚ್ಚಳ ತೆಗೆದರೆ ಗಾಳಿಕಿಂಡಿಗಳ ಮೂಲಕ ಪಿಸ್ಟನ್ನಿನ ಉಂಗುರಗಳು ಕಾಣುತ್ತವೆ. ಒಂದೊಂದನ್ನೂ ಮರದ ಕಡ್ಡಿಯಿಂದ ಒತ್ತಿಸಿ ನೋಡಿಸಿದರು. “ಹಿಂದಕ್ಕೆ ಪುಟಿಯಿತಾ? ಜೀವ ಉಂಟು. ಮುಂದಿನದು.” ಎಲ್ಲ ಪುಟಿದವು. ತಳದ ಎರಡು ಬೇರಿಂಗಿಗೆ ಗೀರು ಬಿದ್ದಿತ್ತು. ಕೊಯ್ದಿಟ್ಟ ಇನ್ನೊಂದು ಟ್ರಾಕ್ಟರಿನಿಂದ ಬಿಚ್ಚಿ ಹಾಕಿದೆವು. ಗಾಳಿಬಾಯಿಯ ಅಳತೆಗೆ ಮುಟುವಾ ಒಂದು ಹಲಗೆ ಕೊಯ್ದು, ರಬ್ಬರು ಅಂಟಿಸಿ, ತಂತಿಯಲ್ಲಿ ಕ್ಯಾಬಿನ್ನಿನೊಳಗೆ ನೇತುಹಾಕಿದ. ಕೋಟನ್ನು ಕಮಲಾಕ್ಷಿ ಚಿಕ್ಕಮ್ಮ ಸೀಮೆಎಣ್ಣೆಯಲ್ಲಿ ತೊಳೆದು, ಹರಿದ ತೋಳು ಹೊಲಿದುಕೊಟ್ಟರು. ಕಂದು ದಾರ ಸಿಗದೆ ಕಪ್ಪು ದಾರ.

ಗುರುವಾರ ಮಳೆ ನಿಂತ ಮೇಲೆ ಲಂಗಾಟಾ ದಾಟಿ ಹೋದೆವು. ಬೋರ್‌ವೆಲ್ ಲಾರಿ ಹೊಟ್ಟೆಯವರೆಗೆ ಮುಳುಗಿತ್ತು. ಮುಟುವಾ ಹಗ್ಗ ಕಟ್ಟಿ ಕೈ ಎತ್ತಿದ, ನಾನು ಗೇರು ಹಾಕಿದೆ. ಪಟ್ಟಿಗಳು ಮೊದಲು ಮಣ್ಣು ಕಡೆದವು, ಆಮೇಲೆ ಕಚ್ಚಿದವು. ಲಾರಿ ಇಂಚಿಂಚಾಗಿ ಎದ್ದು, ಎಮ್ಮೆ ಕೆರೆಯಿಂದ ಮೇಲೆ ಬಂದ ಹಾಗೆ ಬಂತು. ಯಜಮಾನರು ಅಲ್ಲೇ ಕೆಸರಿನಲ್ಲಿ ಕುಣಿದುಬಿಟ್ಟರು.

ಪಕ್ಕದಲ್ಲಿ ಕೂತಿದ್ದ ಕಾಜಿಟನ್ ಮಾಮ ಮುಂದೆಯೇ ನೋಡುತ್ತ ಕೇಳಿದರು.

“ಗೆರೆ ಕಂಡಿತ್ತು ಅಲ್ವಾ ಪುತಾ?”

ಯಾರಿಗೂ ಹೇಳಿರಲಿಲ್ಲ ನಾನು. ಬಾಣ ಓದಲು ರಷ್ಯನ್ ಬೇಡ. ಯಾವನೋ ಎಳೆದ ಗೆರೆಗೆ ನಾನು ಯಾಕೆ ನಿಲ್ಲಬೇಕು ಎಂಬ ಹಳೆಯ ಸಿಟ್ಟಿನಲ್ಲೇ ಸುರಿದಿದ್ದೆ. ಹಬ್ಬ ಬರೀ ನೆಪ.

“ಕಂಡಿತ್ತು ಮಾಮ.”

“ಸವಾ.” ಸರಿ ಅಂತ. ಅಷ್ಟೇ. ಅವತ್ತು ಅಂಗಳದಲ್ಲಿ ನನ್ನ ಪರ ವಾದ ಮಾಡುವಾಗಲೇ ಅವರಿಗೆ ಇದು ಗೊತ್ತಿತ್ತು.

‘ಧನ್ಯವಾದ’ ಅನ್ನುವುದು ಭಾಷಣದವರ ಮಾತು, ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿದ್ದಿಲ್ಲ. ಕೊನೆಗೆ ಗೇರಿನ ಲಿವರ್ ನೋಡುತ್ತ ಸ್ವಾಹಿಲಿಯಲ್ಲಿ ಅದನ್ನೇ, “ಅಸಾಂಟೆ ಮಾಮ” ಅಂದೆ. ನನ್ನ ದನಿ ನನಗೇ ಜಗಳದ ಹಾಗೆ ಕೇಳಿಸಿತು.

ಅವರು ಕಪ್ಪು ದಾರದ ತೋಳು ಎಳೆದುಕೊಂಡರು.

“ಆಯ್ತಾಯ್ತು. ಮನೆಗೆ ಹೊರಡುವ ಮೊದಲು ಡಬ್ಬಿ ನೋಡು.”

ಎಂಜಿನ್ ನಿಲ್ಲಿಸಿ, ಡಬ್ಬಿ ಬಿಚ್ಚಿ ನೋಡಿದೆ. ಎಣ್ಣೆ ಗೆರೆಗೆ ಸರಿಯಾಗಿ ನಿಂತಿತ್ತು.