ಬಣ್ಣ ಬಳಿದ ಕಿಟಕಿಗಳು

ನಾನು ಒಂದು ಕಾವಲು ಮನೆ. ಮನೆ ಅಂತ ಹೇಳಿಕೊಳ್ಳಲು ಸಂಕೋಚ, ಯಾಕೆಂದರೆ ಹುಟ್ಟಿದ್ದೇ ಎರಡು ಹೋಳಾಗಿ. ಮೈಸೂರಿನಾಚೆ ಅರಸು ಮನೆತನದವರು ಬೇಸಿಗೆ ಬಂಗಲೆ ಕಟ್ಟಿಸಿದಾಗ ಹೆಬ್ಬಾಗಿಲಿನ ಎಡಕ್ಕೊಂದು ಕೋಣೆ, ಬಲಕ್ಕೊಂದು ಕೋಣೆ ಎಬ್ಬಿಸಿದರು. ನಡುವೆ ಸಾರೋಟಿನ ದಾರಿ. ಎರಡಕ್ಕೂ ಗಾರೆಯ ಹೂಬಳ್ಳಿ, ತಲೆಯ ಮೇಲೆ ಪುಟ್ಟ ಗುಮ್ಮಟ. ದಾರಿಯ ಕಡೆಗೆ ಮಾತ್ರ ಕಿಟಕಿ ಇಡಲಿಲ್ಲ. ಕಾವಲುಗಾರನ ಹರಕು ಚಾಪೆ ಅತಿಥಿಗಳ ಕಣ್ಣಿಗೆ ಬೀಳಬಾರದಲ್ಲ! ಗೋಡೆಯ ಮೇಲೆ ಗಾರೆಯ ಚೌಕಟ್ಟು ಮಾಡಿ, ಹಸಿರು ಬಣ್ಣದಲ್ಲಿ ಕಿಟಕಿ ಬರೆದುಬಿಟ್ಟರು.

ಕಾವಲಿಗೆ ಬಂದವನು ಚೌಡಯ್ಯ. ಅವನ ಹೆಂಡತಿ ಕೆಂಪಮ್ಮ ಬಲಗಡೆ ಅಡುಗೆ ಹೂಡಿದಳು, ಎಡಗಡೆ ಹಾಸಿಗೆ ಹಾಸಿದಳು. “ಉಂಡು ಮನಗಕ್ಕೂ ರಸ್ತೆ ದಾಟ್ಬೇಕು, ನಮ್ದೂ ಒಂದು ಸಂಸಾರ!” ಎಂದು ನಗುತ್ತಿದ್ದಳು. ಧಣಿಗಳ ಕಾರು ಬಂದರೆ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ನನಗೆ ಅವಳೆಂದರೆ ಪ್ರಾಣ.

ಒಂದು ದಿನ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಅವಳ ಸೊಂಟ ಮುರಿಯಿತು. ಆಮೇಲೆ ಏಳಲಿಲ್ಲ. ಸೌಟು ಹಿಡಿದು ಗೊತ್ತಿಲ್ಲದ ಚೌಡಯ್ಯ ಒಲೆಯ ಮುಂದೆ ಕೂತ. ಇವಳು ಎಡಗೋಣೆಯ ಕತ್ತಲಲ್ಲಿ ಗೋಡೆ ನೋಡುತ್ತ ಮಲಗಿದಳು. ನೋವಿಗೆ ಅಳಲಿಲ್ಲ, ಆ ಗೋಡೆಗೆ ಸೋತಳು. ಮಾತು ಬಿಟ್ಟಳು, ಊಟವನ್ನೂ ಬಿಡತೊಡಗಿದಳು. ಅವಳನ್ನು ಕೊಲ್ಲುತ್ತಿರುವುದು ನಾನೇ ಎಂದು ನನಗೆ ನಾಚಿಕೆಯಾಗುತ್ತಿತ್ತು.

ಚೌಡಯ್ಯ ಧಣಿ ದೇಪಾಜಿ ಅರಸರ ಮುಂದೆ ಕೈಮುಗಿದು ನಿಂತ. “ಬುದ್ಧಿ, ಅವಳ ಮಗ್ಗುಲಿಗೆ ಒಂದು ಕಿಟಕಿ ಒಡ್ಸಿಕೊಡಿ.”

“ಒಂದು ಕಡೆ ಕಿಟಕಿ, ಒಂದು ಕಡೆ ಗೋಡೆಯೇ? ಬಾಗಿಲಿನ ಅಂದ ಕೆಡುತ್ತೆ ಕಣೋ. ಎರಡೂ ಒಂದೇ ಥರ ಇರಬೇಕು.”

ಅರಸರು ಊಟಿಗೆ ಹೊರಟದ್ದೇ ತಡ, ಚೌಡಯ್ಯ ಹಾರೆ ಎತ್ತಿದ. ಕೆಲಸ ಹೋದರೆ ಹೋಗಲಿ ಎಂದು ಎರಡು ಕಡೆಯ ಬಣ್ಣದ ಕಿಟಕಿಯನ್ನೂ ಒಡೆದೇಬಿಟ್ಟ. ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬೆಳಕು ಕೆಂಪಮ್ಮನ ಮುಖಕ್ಕೆ ಬಿದ್ದಾಗ ನೋವು ಮರೆತೆ.

ಅರಸರು ಹಿಂತಿರುಗಿದರು. ಕಾರು ನಡುದಾರಿಯಲ್ಲೇ ನಿಂತಿತು.

“ಎರಡೂ ಒಂದೇ ಥರ ಅವೆ ಬುದ್ಧಿ, ಅಪ್ಪಣೆ ಆದಂಗೆ,” ಎಂದ ಚೌಡಯ್ಯ.

ಅರಸರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಮುಖ ಬಿಗಿಯಿತು. ಅಷ್ಟರಲ್ಲಿ ಎಡಗಡೆಯ ಕಿಟಕಿಯಿಂದ, ಕಾರನ್ನೂ ಲೆಕ್ಕಿಸದೆ, ಒಂದು ಕೂಗು ಬಂತು. “ಇಟ್ಟು ತಳ ಹಿಡೀತದೆ, ಓಗಿ ತಿರುವು ಅಂತೀನಿ!”

ಎಷ್ಟೋ ತಿಂಗಳ ಮೇಲೆ ಅವಳ ದನಿ! ಚೌಡಯ್ಯನ ಕಣ್ಣು ತುಂಬಿತು. ಅರಸರು ಮೀಸೆಯಡಿ ನಗು ನುಂಗಿ, “ನಿಂತಿದ್ದೀಯಲ್ಲೋ, ಹೋಗಿ ಹಿಟ್ಟು ತಿರುವು,” ಎಂದರು.

ಅವಳು ಮಲಗಿದಲ್ಲಿಂದಲೇ ಬಹಳ ವರ್ಷ ಅವನಿಗೆ ಅಡುಗೆ ಕಲಿಸಿದಳು. ಅವಳು ಹೋದ ಮೇಲೂ ಅವನು ಮಡಕೆ ಇಳಿಸುವ ಮುಂಚೆ ಆಚೆ ಕಿಟಕಿಯತ್ತ ಒಮ್ಮೆ ನೋಡುತ್ತಿದ್ದ.

ಈಗ ಅವನೂ ಇಲ್ಲ. ಬಂಗಲೆ ಹೋಟೆಲಾಗಿದೆ, ನನ್ನ ಗುಮ್ಮಟದಲ್ಲಿ ಅರಳಿ ಗಿಡ ಹುಟ್ಟಿದೆ. ಮೊನ್ನೆ ದುರಸ್ತಿಯವರು ಬಂದು ನೋಡಿ, “ಈ ಕಿಟಕಿಗಳು ಮೂಲದಲ್ಲಿ ಇರಲಿಲ್ಲ, ಮುಚ್ಚಬೇಕು,” ಎಂದರು. ನಾನು ಬೆದರಿದೆ. ಮುಚ್ಚಬೇಡಿ ಸ್ವಾಮಿ. ಚೌಡಯ್ಯ ಹಾರೆ ಎತ್ತುವವರೆಗೆ ನನ್ನ ಒಂದು ಹೋಳು ಇನ್ನೊಂದನ್ನು ಕಂಡೇ ಇರಲಿಲ್ಲ.