ಮಾಣಿಗೆ ಬಂದ ದರ್ಶನ

ಗೋದಾವರಿಗೆ ಮೈಯೆಲ್ಲ ಉರಿಯುತ್ತಿತ್ತು. ಬೆಳಗಾಗುವುದರೊಳಗೆ ಕೋಟದ ಅವಳ ಮನೆ ಜಗಲಿಯಲ್ಲಿ ಕಾಯಿ, ಹೂವು ಹಿಡಿದು ಜನ ಸೇರಿದ್ದರು. ದೇವಸ್ಥಾನಕ್ಕೆ ಹೊರಟವರಲ್ಲ, ಅವಳ ಮಗ ರಜತನ ಕಾಲಿಗೆ ಬೀಳಲು ಬಂದವರು! ಬಿ.ಕಾಂ. ಕೊನೇ ವರ್ಷದ ಹುಡುಗ ಚಾಪೆಯ ಮೇಲೆ ಕೂತು, ಎತ್ತಲೋ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಅವನ ಅಪ್ಪ, ಅರ್ಚಕ ವೈಕುಂಠ ಐತಾಳರು, ಮಡಿಯುಟ್ಟು ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು.

ಕೊಲ್ಲೂರಿಗೆ ಹೋಗಿ ಬರುವಾಗ ಜೀಪಿನಲ್ಲೇ ರಜತ ಕಾಣದ ಯಾರೊಂದಿಗೋ ಮಾತಾಡತೊಡಗಿದ್ದ. ಐತಾಳರಿಗೆ ಅಷ್ಟೇ ಸಾಕಾಯಿತು. “ದೇವಿ ಮೈಮೇಲ್ ಬಂದ್ ದರ್ಶನ ಕೊಟ್ಟದ್ದ್,” ಎಂದು ಊರೆಲ್ಲ ಹೇಳಿದರು.

ದರ್ಶನವಂತೆ, ದರ್ಶನ! ಗಂಡ ಪೂಜೆಯಲ್ಲಿದ್ದಾಗ ಗೋದಾವರಿಯೇ ಮಗನನ್ನು ಉಡುಪಿಯ ಡಾಕ್ಟರಲ್ಲಿಗೆ ಕರೆದೊಯ್ದಿದ್ದಳು. ಗಾಂಜಾ ಸೇದುತ್ತೀಯಾ ಎಂದು ಅವರು ಕೇಳಿದ್ದೇ ತಡ, ಹುಡುಗ ಹೌದೆಂದು ತಲೆಯಾಡಿಸಿದ; ಕಿವಿಯಲ್ಲಿ ಯಾರದೋ ಸ್ವರ ಕೇಳುತ್ತದೆ ಎಂದೂ ಹೇಳಿದ. ಕುಂದಾಪುರದ ಕಾಲೇಜು ಸೇರಿದಾಗ ಗೆಳೆಯರ ಜೊತೆ ಕಡಲದಂಡೆಯಲ್ಲಿ ಶುರುವಾದದ್ದು, ಈಗೀಗ ದಿನಾ. “ಈ ಪ್ರಾಯದಲ್ಲಿ ಮಿದುಳು ಇನ್ನೂ ಬಲಿಯುತ್ತಿರುತ್ತದೆ. ಸೇದಿದವರಿಗೆಲ್ಲ ಹೀಗಾಗುವುದಿಲ್ಲ, ಆದವರಿಗೆ ಮಾತ್ರ ಚಿಕಿತ್ಸೆ ತಡ ಮಾಡಬಾರದು,” ಎಂದು ಡಾಕ್ಟರು ಮಾತ್ರೆ ಬರೆದರು. ಅದು ಹೊಟ್ಟೆಗೆ ಹೋದ ಮೇಲೆ ಮಗ ನೆಟ್ಟಗೆ ನಿದ್ದೆ ಮಾಡಿದ್ದ.

ಆ ಮಾತ್ರೆಗಳನ್ನೇ ಐತಾಳರು ತೆಂಗಿನ ಬುಡಕ್ಕೆ ಎಸೆದು ಬಂದರು. ದೇವಿ ಬರುವ ಮೈಗೆ ಇಂಗ್ಲಿಷ್ ಮದ್ದು ಆಗುವುದಿಲ್ಲವಂತೆ. ಅವಳು ಎಷ್ಟು ಹೇಳಿದರೂ ಗಾಂಜಾ ಎಂಬ ಶಬ್ದ ಅವರ ನಾಲಿಗೆಯ ಮೇಲೆ ಒಮ್ಮೆಯೂ ಬರಲಿಲ್ಲ. ನೀರುಳ್ಳಿ ಕೂಡ ಒಳಗೆ ಬಾರದ ಮನೆಯಲ್ಲಿ ಗಾಂಜಾ ಹೇಗೆ ಬಂದೀತು! ತಮ್ಮ ನಾಚಿಕೆಗೆ ದೇವಿಯ ಸೀರೆ ಉಡಿಸಿ ಕೂರಿಸಿದ್ದರು, ಮಹಾನುಭಾವರು.

ರಜತನ ಕಣ್ಣಲ್ಲಿ ನೀರು ಇಳಿಯಿತು. “ದೇವಿ ಅಮ್ಮ ಕಣ್ಣೀರ್ ಹಾಕ್ತ್!” ಎಂದು ಯಡ್ತರೆಯಿಂದ ಬಂದ ಸುಗುಣ ಕೂಗಿದಳು. ಹತ್ತಿರ ಹೋಗಿ ಅವನ ಕೆನ್ನೆಯ ನೀರನ್ನು ಬೆರಳಲ್ಲಿ ಒರೆಸಿ, ತೀರ್ಥದ ಹಾಗೆ ತಲೆಗೆ ಹಚ್ಚಿಕೊಂಡಳು.

ಗೋದಾವರಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

“ಹ್ವಾಯ್, ಕೈ ತೆಗೀರಿ! ನನ್ ಮಾಣಿ ಕಣ್ಣೀರ್ ಹಾಕಿ ಮರ್ಕುದ್ ಅದ್, ದೇವಿ ಅಲ್ಲ! ಗಾಂಜಾ ಎಳ್ದ್ ತಲೆ ಹಾಳಾಯ್ತ್ ಅವಂದ್. ನಿಮ್ ಕಾಯಿ ಎಲ್ಲ ತಕಂಡ್ ಮನಿಗ್ ಹೋಯ್ನಿ!”

“ಬಾಯ್ ಮುಚ್ಚ್!” ಐತಾಳರು ಕುಂಕುಮದ ಬಟ್ಟಲು ಕೆಳಗಿಟ್ಟು ಮುಂದೆ ಬಂದರು. “ಮರ್ಯಾದಿ ತೆಗೂಕೆ ಹೊರ್ಟಿದ್ಯಾ?”

“ನಿಮ್ ಮರ್ಯಾದಿ ನೀವೇ ಬೇಯ್ಸ್ಕಂಡ್ ತಿನ್ನಿ!”

ಗೋದಾವರಿ ಚಾಪೆಯ ಮೇಲೆ ಕೂತು ಮಗನ ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. “ಮಗಾ, ಇವ್ರೆಲ್ಲ ಅವ್ರವ್ರ ಕಷ್ಟ ಹೇಳಿ ಕೇಂಡ್ರ್. ನಾನ್ ನಿನ್ ಕಷ್ಟ ಕೇಂತೆ. ಆ ಸ್ವರ ನಿಂಗ್ ಎಂತ ಹೇಳತ್ತ್?”

ಹುಡುಗ ಅಪ್ಪನನ್ನು ನೋಡಿದ, ಅಂಗಳದಾಚೆ ನೋಡಿದ. ಅವನ ದನಿ ಸಣ್ಣ ಮಗುವಿನದಾಗಿತ್ತು.

“ಬಾವಿಗ್ ಹಾರ್ ಅಂತ್ ಹೇಳತ್ತಮ್ಮ. ದಿನಾ ಹೇಳತ್ತ್. ಅಪ್ಪಯ್ಯಂಗೂ ಹೇಳಿದ್ದೆ.”

ಗೋದಾವರಿ ಗಂಡನ ಕಡೆಗೆ ತಿರುಗಿದಳು.

“ಗೊತ್ತಿತ್ತಾ ನಿಮ್ಗೆ?”

ಐತಾಳರು ತಲೆ ತಗ್ಗಿಸಿ, “ದೇವಿ ಪರೀಕ್ಷೆ ಮಾಡುದ್ ಅಂದ್ಕಂಡೆ,” ಎಂದರು.